ಬಿಎಸ್‌ಡಬ್ಲ್ಯು ಸೇರೋದಾ, ಬಿಎಯಲ್ಲಿ ಸೈಕಾಲಜಿ ತಗೊಳ್ಳೋದಾ? ಮಂಡ್ಯ, ಮೈಸೂರಿನವರು ಹೇಳಿ

ಮದ್ದೂರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಂಡ್ಯದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಎಚ್‌ಇಪಿಎಸ್, ಕನ್ನಡ ಮಾಧ್ಯಮ, ಒಳ್ಳೇ ಅಂಕ ಬಂದಿದೆ. ಸಮಾಜಕಾರ್ಯ, ಕೌನ್ಸೆಲಿಂಗ್ ಈ ಕಡೆಯೇ ಹೋಗ್ತೀನಿ ಅಂತ ಗಟ್ಟಿಯಾಗಿ ಹೇಳ್ತಿದ್ದಾಳೆ. ಬಿಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಪದವಿನೋ, ಬಿಎಯಲ್ಲಿ ಸೈಕಾಲಜಿನೋ ಅನ್ನೋದು ತೀರ್ಮಾನ ಆಗ್ತಿಲ್ಲ. ಪಿಯುಸಿಯಲ್ಲಿ ಸೈಕಾಲಜಿ ಓದಿಲ್ಲ, ಅದರಿಂದ ತೊಂದರೆ ಇದೆಯಾ? ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿದ್ರೆ ಕೌನ್ಸೆಲರ್ ಆಗಬಹುದು ಅಂತ ಪರಿಚಯದವರೊಬ್ಬರು ಹೇಳ್ತಾರೆ, ನಿಜಾನಾ? ಸದ್ಯಕ್ಕೆ ಮೈಸೂರು ದಾಟಿ ಕಳಿಸೋಕೆ ಮನೇಲಿ ಒಪ್ಪಲ್ಲ. ಓದಿದ ಮೇಲೆ ಕೆಲಸ ಎಲ್ಲಿ ಸಿಗುತ್ತೆ ಅನ್ನೋದನ್ನೂ ತಿಳಿಸಿ.

ಸಮಾಜಕಾರ್ಯ ಮೇಷ್ಟ್ರು

ನಿಮ್ಮ ತಂಗಿಗೆ ಎರಡರ ಮೇಲೂ ಮನಸ್ಸಿದೆ ಅಂದಮೇಲೆ ಬಿಎಯಲ್ಲಿ ಸೈಕಾಲಜಿ ತಗೊಳ್ಳಲಿ. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಓದಿಗೆ ಯಾವ ಪದವಿ ಆದವರೂ ಅರ್ಜಿ ಹಾಕಬಹುದು. ಎಂಎಸ್ಸಿ ಸೈಕಾಲಜಿಗೆ ಸಾಮಾನ್ಯವಾಗಿ ಪದವಿಯಲ್ಲೇ ಸೈಕಾಲಜಿ ಓದಿರಬೇಕು. ಹಾಗಾಗಿ ಬಿಎಯಲ್ಲಿ ಸೈಕಾಲಜಿ ಇದ್ದರೆ ಮೂರು ವರ್ಷದ ನಂತರ ಯಾವ ಕಡೆಗಾದರೂ ಹೋಗಬಹುದು. ಬಿಎಸ್‌ಡಬ್ಲ್ಯು ಮಾಡಿ ಆಮೇಲೆ ಸೈಕಾಲಜಿಗೆ ಹೊರಳೋದು ಬಹಳ ಕಷ್ಟ. ಎಷ್ಟೋ ಮಕ್ಕಳಿಗೆ ಇದು ಗೊತ್ತಾಗೋದು ಪಿಜಿ ಅರ್ಜಿ ತುಂಬೋ ದಿನ.

ಪಿಯುಸಿಯಲ್ಲಿ ಓದಿಲ್ಲ ಅನ್ನೋದು ಅಡ್ಡಿ ಅಲ್ಲ. ಪದವಿಯ ಮೊದಲ ಸೆಮಿಸ್ಟರ್‌ನಲ್ಲಿ ಬುಡದಿಂದಲೇ ಶುರುಮಾಡ್ತಾರೆ. ಜೊತೆಗೆ ಸೋಷಿಯಾಲಜಿ ಇರೋ ಕಾಂಬಿನೇಷನ್ ಸಿಕ್ಕರೆ ಅದನ್ನೇ ಹಿಡೀಲಿ. 2024-25ರಿಂದ ಕರ್ನಾಟಕದಲ್ಲಿ ಮತ್ತೆ ಮೂರು ವರ್ಷದ ಪದವಿ. ಕೊನೆಯ ವರ್ಷ ಯಾವುದಾದರೂ ವಿಷಯ ಬಿಡೋ ಅವಕಾಶ ಇದ್ದರೆ ಸೈಕಾಲಜಿಯನ್ನು ಮಾತ್ರ ಬಿಡಬಾರದು. ಮೂರೂ ವರ್ಷದ ಅಂಕಪಟ್ಟಿಯಲ್ಲಿ ಅದು ಕಾಣಬೇಕು.

ಬಿಎಸ್‌ಡಬ್ಲ್ಯು ಯಾರಿಗೆ ಸರಿ ಅಂದರೆ, ಹಳ್ಳಿ, ಮಕ್ಕಳ ರಕ್ಷಣೆ, ಸ್ವಸಹಾಯ ಸಂಘ, ಇಂಥ ಕೆಲಸವೇ ಬೇಕು ಅಂತ ಈಗಲೇ ಖಚಿತ ಇರೋರಿಗೆ. ಕ್ಷೇತ್ರಕಾರ್ಯದ ರೂಢಿ ಬೇಗ ಬೀಳುತ್ತೆ, ಎಂಎಸ್‌ಡಬ್ಲ್ಯುನಲ್ಲಿ ಅದು ಎದ್ದು ಕಾಣುತ್ತೆ. ಆದರೆ ಬಿಎಸ್‌ಡಬ್ಲ್ಯುಗೇ ಓದು ನಿಲ್ಲಿಸಿದರೆ ಔಟ್‌ರೀಚ್ ವರ್ಕರ್ ತರದ ಹುದ್ದೆಗಳೇ ಜಾಸ್ತಿ. ಆಸ್ಪತ್ರೆಯ ಸೋಷಿಯಲ್ ವರ್ಕರ್, ಕಾರ್ಖಾನೆಯ ವೆಲ್‌ಫೇರ್ ಆಫೀಸರ್ ಕೆಲಸಕ್ಕೆ ಬಹುಪಾಲು ಎಂಎಸ್‌ಡಬ್ಲ್ಯು ಕೇಳ್ತಾರೆ.

ಕನ್ನಡ ಮಾಧ್ಯಮದ ಬಗ್ಗೆ ಒಂದು ಮಾತು. ಪಿಜಿಗೆ ಬಂದಾಗ ಓದಬೇಕಾದ್ದು ಬಹುತೇಕ ಇಂಗ್ಲಿಷ್‌ನಲ್ಲೇ. ಪದವಿಯ ಮೂರು ವರ್ಷವೂ ಕನ್ನಡ ನೋಟ್ಸ್ ಪಕ್ಕದಲ್ಲಿ ಒಂದು ಇಂಗ್ಲಿಷ್ ಪಠ್ಯಪುಸ್ತಕ ಇಟ್ಟುಕೊಂಡು ಓದಲಿ. ಕೆಲಸಕ್ಕೆ ಇಳಿದ ಮೇಲೆ ಮಾತ್ರ ಅವಳ ಮಂಡ್ಯ ಕನ್ನಡವೇ ದೊಡ್ಡ ಆಸ್ತಿ. ಹಳ್ಳಿಯಿಂದ ಬಂದ ತಾಯಿ 'ಮಗೀಗೆ ಮಂಕು ಕವಿದದೆ' ಅಂದರೆ ಅದು ಖಿನ್ನತೆಯೋ, ಮೂರ್ಛೆಯೋ, ಬೆಳವಣಿಗೆ ಹಿಂದುಳಿದಿರೋದೋ ಅಂತ ಇನ್ನೂ ನಾಲ್ಕು ಪ್ರಶ್ನೆ ಕೇಳಿ ಬಿಡಿಸಬೇಕು. ಆ ಪ್ರಶ್ನೆ ಅವರ ಮಾತಲ್ಲೇ ಕೇಳಬೇಕಲ್ಲ.

ಮನೋವಿಜ್ಞಾನ ವಿಭಾಗ

ಮೇಲಿನವರು ಹೇಳಿದ್ದನ್ನು ಒಪ್ತೀನಿ. ಡಿಪ್ಲೊಮಾ ವಿಷಯಕ್ಕೆ ಬರ್ತೀನಿ, ಹಣ ಹಾಳಾಗೋದು ಅಲ್ಲೇ.

'ಕೌನ್ಸೆಲರ್' ಅಂತ ಬೋರ್ಡ್ ಹಾಕೋದು ಬೇರೆ, ಮಾನಸಿಕ ತೊಂದರೆ ಪರೀಕ್ಷಿಸಿ ಚಿಕಿತ್ಸೆ ಕೊಡೋ 'ಕ್ಲಿನಿಕಲ್ ಸೈಕಾಲಜಿಸ್ಟ್' ಆಗೋದು ಬೇರೆ. ಎರಡನೆಯದಕ್ಕೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ನೋಂದಣಿ ಬೇಕು. 1992ರ ಆರ್‌ಸಿಐ ಕಾಯ್ದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎರಡೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಇಷ್ಟು ದಿನ ಇದ್ದ ದಾರಿ: ಎಂಎ ಅಥವಾ ಎಂಎಸ್ಸಿ ಸೈಕಾಲಜಿಯಲ್ಲಿ ಶೇ. 55 (ಮೀಸಲಾತಿ ವರ್ಗಕ್ಕೆ ಶೇ. 50), ಆಮೇಲೆ ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಈಗ ಅದು ಬದಲಾಗ್ತಿದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಎಂ.ಫಿಲ್ ಪದವಿಯನ್ನೇ ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ (ಮಾನಸಿಕ ರೋಗಿಗಳ ಕಡೆಯ ಸಮಾಜಕಾರ್ಯ) ಎರಡಕ್ಕೆ ಮಾತ್ರ 2025-26ರ ತನಕ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಆರ್‌ಸಿಐ ಎಂಎ ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಅನ್ನೋ ಹೊಸ ಕೋರ್ಸುಗಳನ್ನು ತಂದಿದೆ. ನಿಮ್ಮ ತಂಗಿ ಪದವಿ ಮುಗಿಸೋ ಹೊತ್ತಿಗೆ ಚಾಲ್ತಿಯಲ್ಲಿರೋ ನಿಯಮವೇ ಅವಳಿಗೆ ಅನ್ವಯ. ಅಣ್ಣ ಅಕ್ಕಂದಿರ ಕಾಲದ ದಾರಿಯನ್ನೇ ನಂಬಿ ಕೂರಬೇಡಿ. ಪ್ರತಿ ವರ್ಷ ಜೂನ್‌ನಲ್ಲಿ ಆರ್‌ಸಿಐ ವೆಬ್‌ಸೈಟ್ ತೆರೆದು ನೋಡಲಿ.

ಅಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇರುತ್ತೆ. ಕಾಲೇಜಿನ ಹೆಸರು ಇದೆ ಅಂತ ಖುಷಿಪಟ್ಟರೆ ಸಾಲದು. ಯಾವ ಕೋರ್ಸಿಗೆ ಮಾನ್ಯತೆ, ಯಾವ ಸಾಲಿನ ತನಕ, ಎಷ್ಟು ಸೀಟು, ಈ ಮೂರನ್ನೂ ಓದಬೇಕು. ಅವಧಿ ಮುಗಿದ ಮಾನ್ಯತೆಯ ಮೇಲೆ ಸೇರಿಸಿಕೊಂಡಿದ್ದರೆ ಕೋರ್ಸ್ ಮುಗಿಸಿದರೂ ನೋಂದಣಿ ಸಿಗಲ್ಲ.

ಆರು ತಿಂಗಳ ಆನ್‌ಲೈನ್ ಡಿಪ್ಲೊಮಾಗೆ ಆರ್‌ಸಿಐ ನೋಂದಣಿ ಇಲ್ಲ. ದೂರಶಿಕ್ಷಣದಲ್ಲಿ ಸೈಕಾಲಜಿ ಪದವಿ ಮಾಡಿಕೊಳ್ಳೋಣ ಅನ್ನೋ ದಾರಿಯೂ ಮುಚ್ಚಿದೆ. 2021ರ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರೋ ಕೋರ್ಸುಗಳನ್ನು, ಸೈಕಾಲಜಿ ಸೇರಿದಂತೆ, 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸಬಾರದು ಅಂತ ಯುಜಿಸಿ ಹೇಳಿದೆ. ಯಾರಾದರೂ ಈಗಲೂ ಸೀಟು ಇದೆ ಅಂದರೆ ದುಡ್ಡು ಕಟ್ಟೋ ಮುಂಚೆ ಯುಜಿಸಿ ಅನುಮತಿಯ ಪ್ರತಿ ಕೇಳಿ.

ಇನ್ನು ಓದಿನ ಒಳಗೆ ಏನಿದೆ ಅಂತ ಹೇಳಿಬಿಡ್ತೀನಿ, ಯಾಕಂದರೆ ಸೈಕಾಲಜಿ ಅಂದರೆ ಮಾತು ಕೇಳಿ ಸಮಾಧಾನ ಹೇಳೋದು ಅಂದುಕೊಂಡು ಬರೋರು ಎರಡನೇ ಸೆಮಿಸ್ಟರ್‌ನಲ್ಲಿ ಕಂಗಾಲಾಗ್ತಾರೆ. ಇದು ಪ್ರಯೋಗ ಮತ್ತು ಅಂಕಿಅಂಶದ ಶಾಸ್ತ್ರ. ಮೈಸೂರಿನಲ್ಲಿ 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಈ ವಿಭಾಗ ಶುರುವಾಯ್ತು, ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. (1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದ ಅದೇ ಮೇಷ್ಟ್ರು.) ಅವತ್ತಿನಿಂದ ಪ್ರಯೋಗಶಾಲೆಯೇ ಈ ವಿಷಯದ ಜೀವಾಳ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್, ಟಿ-ಟೆಸ್ಟ್, ಇವು ಕೈಗೆ ಹತ್ತಬೇಕು. ಆರ್ಟ್ಸ್‌ನಿಂದ ಬಂದವರಿಗೆ ಬರಲ್ಲ ಅಂತ ಏನಿಲ್ಲ. ಮೊದಲ ವರ್ಷದಿಂದ ವಾರಕ್ಕೆ ಒಂದೆರಡು ಲೆಕ್ಕ ಕೈಯಲ್ಲೇ ಮಾಡಿ ರೂಢಿಸಿಕೊಂಡರೆ ಸಾಕು.

ಪರೀಕ್ಷೆ ಮಾಡೋದು ಎಷ್ಟು ನಾಜೂಕು ಅನ್ನೋದಕ್ಕೆ ಒಂದು ಉದಾಹರಣೆ. ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ ಒಂದು ಮರದ ಹಲಗೆ ಇದೆ. ಹತ್ತು ಆಕಾರದ ಗುಳಿ, ಅದಕ್ಕೆ ಹತ್ತು ತುಂಡು. ಮಗು ಮೂರು ಸಲ ಜೋಡಿಸಬೇಕು, ಅತಿ ಕಡಿಮೆ ಸಮಯ ಹಿಡಿದ ಸಲದ್ದನ್ನು ವಯಸ್ಸಿನ ಕೋಷ್ಟಕಕ್ಕೆ ಹೋಲಿಸ್ತಾರೆ. ನೋಡೋಕೆ ಸುಲಭ. ಆದರೆ ಹಿಂದೆ ಕೂತ ತಾಯಿ ಕಣ್ಸನ್ನೆ ಮಾಡಿದರೆ, ಮಗು ಬೆಳಗ್ಗೆಯಿಂದ ಏನೂ ತಿಂದಿಲ್ಲದಿದ್ದರೆ, ಸೂಚನೆ ಅದಕ್ಕೆ ಕೇಳಿಸಿಯೇ ಇಲ್ಲದಿದ್ದರೆ ಬರೋ ಅಂಕ ಸುಳ್ಳು. ಆ ಸುಳ್ಳು ಅಂಕ ಅಂಗವೈಕಲ್ಯ ಪ್ರಮಾಣಪತ್ರದ ತನಕ ಹೋಗಿಬಿಡುತ್ತೆ. ಅದಕ್ಕೇ ಶ್ರವಣ ಪರೀಕ್ಷೆ ಮೊದಲು, ಬುದ್ಧಿಮಟ್ಟದ ಪರೀಕ್ಷೆ ಆಮೇಲೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ತಜ್ಞರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಒಂದೇ ಆವರಣದಲ್ಲಿ ಇರೋದರ ಉಪಯೋಗ ಇದೇ. ಇಂಥ ಕಡೆ ಮೇಲ್ವಿಚಾರಣೆಯಲ್ಲಿ ಕಲಿಯೋದನ್ನು ಯಾವ ಆನ್‌ಲೈನ್ ಡಿಪ್ಲೊಮಾವೂ ಕೊಡೋಕೆ ಆಗಲ್ಲ.

ಸರಗೂರು ರಸ್ತೆ

ಮೇಷ್ಟ್ರು ಕ್ಷೇತ್ರಕಾರ್ಯ ಅಂತ ಒಂದೇ ಮಾತಲ್ಲಿ ಮುಗಿಸಿದ್ದಾರೆ. ಸಮಾಜಕಾರ್ಯದ ಕಾಲೇಜು ಆರಿಸೋವಾಗ ನೋಡಬೇಕಾದ್ದೇ ಅದು. ಬಹುತೇಕ ಕಡೆ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಒಂದು ಗ್ರಾಮೀಣ ಶಿಬಿರ, ಕೊನೆಗೆ ಸುಮಾರು ಒಂದು ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್ (ಒಂದೇ ಸಂಸ್ಥೆಯಲ್ಲಿ ಪೂರ್ಣಾವಧಿ ತರಬೇತಿ) ಇರುತ್ತೆ. ಇರಬೇಕು ಅನ್ನೋದು ಕಾಗದದ ಮಾತು. ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವರದಿ ಓದ್ತಾರಾ, ಇದನ್ನು ಅಲ್ಲಿ ಓದ್ತಿರೋ ಮಕ್ಕಳನ್ನೇ ಕೇಳಿ.

ವರದಿ ಹಾಳಾಗೋದು ಹೀಗೆ: 'ಕ್ಲೈಂಟ್ ಭೇಟಿ ಮಾಡಲಾಯಿತು, ಆಪ್ತಸಮಾಲೋಚನೆ ನೀಡಲಾಯಿತು.' ಇದರಲ್ಲಿ ಏನೂ ಇಲ್ಲ. ಅವರು ಏನು ಹೇಳಿದರು, ಅವರದೇ ಮಾತಲ್ಲಿ. ನೀನು ಏನು ಕೇಳಿದೆ. ಅವರು ಎಲ್ಲಿ ಸುಮ್ಮನಾದರು. ಮನೇಲಿ ಬೇರೆ ಯಾರಿದ್ದರು. ಮುಂದಿನ ಭೇಟಿಗೆ ಏನು ಒಪ್ಪಂದ ಆಯ್ತು. ಅದೇ ರಾತ್ರಿ ಬರೀಬೇಕು, ಪೂರ್ತಿ ಹೆಸರು ಬರೀಬಾರದು. ಗುಟ್ಟು ಕಾಪಾಡ್ತೀನಿ ಅಂತ ಮಕ್ಕಳಿಗೆ ಕಣ್ಣುಮುಚ್ಚಿ ಮಾತು ಕೊಡಲೂಬಾರದು. 18 ವರ್ಷದೊಳಗಿನ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ವಿದ್ಯಾರ್ಥಿಗೂ ಇದು ಅನ್ವಯ.

ಹಳ್ಳಿ ಶಿಬಿರದಲ್ಲಿ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬರೆಸ್ತಾರೆ. ಮನೆ, ಬೋರ್‌ವೆಲ್, ಅಂಗನವಾಡಿ, ಡೇರಿ, ಎಲ್ಲಾ ಊರಿನವರೇ ಗುರುತು ಹಾಕಬೇಕು. ಇದನ್ನು ದೇವಸ್ಥಾನದ ಮುಂದೆ ಬರೆಸಿದರೆ ದಲಿತರ ಕೇರಿಯವರು ದೂರ ನಿಂತು ನೋಡ್ತಾರೆ, ಅವರ ಬೀದಿ ನಕ್ಷೆಯ ಅಂಚಿಗೆ ಎರಡು ಗೆರೆಯಾಗಿ ಉಳಿಯುತ್ತೆ. ಶಾಲೆ ಮೈದಾನದಲ್ಲಿ ಬರೆಸಿ, ಕೇರಿಯಲ್ಲಿ ಪ್ರತ್ಯೇಕವಾಗಿ ಇನ್ನೊಂದು ಬರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಡೇರಿಗೆ ಹಾಲು ಹಾಕೋ ಹೊತ್ತಲ್ಲಿ ಕರೆದರೆ ಹೆಂಗಸರು ಬರಲ್ಲ. ಮಂಡ್ಯ ಕಡೆ ಆಲೆಮನೆಗಳಲ್ಲಿ, ಕಬ್ಬು ಕಡಿಯೋರ ಗುಡಿಸಲುಗಳಲ್ಲಿ ಇರೋ ಮಕ್ಕಳು ಯಾರೂ ಹೇಳದಿದ್ದರೆ ನಕ್ಷೆಗೇ ಬರಲ್ಲ. ನಾವೇ ಹೋಗಿ ಹುಡುಕಬೇಕು.

ಮದ್ದೂರಿನಿಂದ

ತುಂಬಾ ಉಪಕಾರ ಆಯ್ತು ಸರ್, ಮೇಡಂ. ಅಪ್ಪ ಕೇಳ್ತಿರೋದು ಒಂದೇ, ಕೊನೆಗೆ ಸಂಬಳದ ಕೆಲಸ ಎಲ್ಲಿದೆ? ಕಾರ್ಖಾನೆಯಲ್ಲೂ ಎಂಎಸ್‌ಡಬ್ಲ್ಯು ಆದವರನ್ನ ತಗೋತಾರಂತಲ್ಲ, ನಿಜಾನಾ?

ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾ

ನಿಜ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಕಾರ್ಮಿಕರಿದ್ದ ಕಡೆ ವೆಲ್‌ಫೇರ್ ಆಫೀಸರ್ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 250ಕ್ಕೆ ಇಳಿದಿದೆ. ಕ್ಯಾಂಟೀನ್ ಕಡ್ಡಾಯ ಆಗೋ ಸಂಖ್ಯೆಯೂ 250ರಿಂದ 100ಕ್ಕೆ ಬಂದಿದೆ. ನಂಜನಗೂಡು, ಹೆಬ್ಬಾಳ್, ಕೂರ್ಗಳ್ಳಿ, ನಿಮ್ಮ ಕಡೆ ಗೆಜ್ಜಲಗೆರೆ, ಸೋಮನಹಳ್ಳಿ, ಇಲ್ಲೆಲ್ಲಾ ಈ ಕೆಲಸ ಇದೆ. ಎಂಎಸ್‌ಡಬ್ಲ್ಯುನಲ್ಲಿ ಎಚ್‌ಆರ್ ವಿಶೇಷ ವಿಷಯ ತಗೊಂಡಿರಬೇಕು, ಕಾರ್ಮಿಕ ಕಾನೂನು ಬರಬೇಕು, ಎಕ್ಸೆಲ್ ಬರಬೇಕು.

ಗಾರ್ಮೆಂಟ್ಸ್‌ನಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು. ದೂರು ಕೊಡೋಕೆ ಮೂರು ತಿಂಗಳು, ವಿಚಾರಣೆ ಮುಗಿಸೋಕೆ 90 ದಿನ. ಈ ಸಮಿತಿ ಬರೀ ಬೋರ್ಡಿನಲ್ಲಿ ಉಳಿಯದೆ ನಿಜವಾಗಿ ಕೆಲಸ ಮಾಡೋದು ಸಮಾಜಕಾರ್ಯ ಓದಿದವರು ಒಳಗಿದ್ದಾಗ. ಒಂದು ಮಾತ್ರ ಮೊದಲೇ ತಿಳಿದಿರಲಿ: ಸಂಬಳ ಕೊಡೋರು ಮಾಲೀಕರು, ಕೆಲಸ ಇರೋದು ಕಾರ್ಮಿಕರಿಗಾಗಿ. ಆ ಎಳೆದಾಟ ದಿನಾ ಇರುತ್ತೆ.

ಸಮಾಜಕಾರ್ಯ ಮೇಷ್ಟ್ರು

ಅಪ್ಪನಿಗೆ ಇದನ್ನೂ ಹೇಳಿ. ಆಸ್ಪತ್ರೆ ಕಡೆ: ಪ್ರತಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇರ್ತಾರೆ. ಮಕ್ಕಳ ಕಡೆ: ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೌನ್ಸೆಲರ್, ಸೋಷಿಯಲ್ ವರ್ಕರ್. ಹೆಂಗಸರ ಕಡೆ: ದೌರ್ಜನ್ಯಕ್ಕೆ ಒಳಗಾದವರಿಗೆ ನೆರವು ಕೊಡೋ ಸಖಿ ಕೇಂದ್ರ, ಸಾಂತ್ವನ ಕೇಂದ್ರ. ಗ್ರಾಮೀಣ ಜೀವನೋಪಾಯದ ಕಡೆ ಸಂಜೀವಿನಿ. ಇವುಗಳಲ್ಲಿ ಬಹುಪಾಲು ಗುತ್ತಿಗೆ ಹುದ್ದೆ, ವರ್ಷ ವರ್ಷ ನವೀಕರಣ, ಸಂಬಳ ಒಮ್ಮೊಮ್ಮೆ ತಡವಾಗುತ್ತೆ. ಕಾಯಂ ಹುದ್ದೆ ಬೇಕಂದರೆ ಕೆಪಿಎಸ್‌ಸಿ ಅಧಿಸೂಚನೆಗಳ ಮೇಲೆ ಕಣ್ಣಿಡಬೇಕು, ಪಾಠ ಹೇಳೋ ಆಸೆ ಇದ್ದರೆ ಪಿಜಿ ಆದ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಗುತ್ತಿಗೆಯಲ್ಲಿ ಸೇರಿದವರು ನೇಮಕಾತಿ ಪತ್ರ, ಅನುಭವ ಪತ್ರ ಪ್ರತಿ ವರ್ಷ ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಬೇಕು. ಸಂಸ್ಥೆಯ ಗುತ್ತಿಗೆ ಮುಗಿದ ಮೇಲೆ ಅದನ್ನು ಕೊಡೋಕೆ ಯಾರೂ ಇರಲ್ಲ.

ಈಗ ಆಗಬೇಕಾದ ಕೆಲಸ: ಜಾತಿ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯಾ ನೋಡಿ, ತಂಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ತಪ್ಪಿಹೋಗೋದು ಬಹಳ ಸಲ ಇದೇ ಕಾರಣಕ್ಕೆ. ಮೈಸೂರಿನಲ್ಲಿ ಸೇರಿಸೋದಾದರೆ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಅರ್ಜಿ ಕಾಲೇಜು ಪ್ರವೇಶ ಆದ ವಾರದಲ್ಲೇ ಹಾಕಿ. ಆಮೇಲೆ ಹೋದರೆ ಹಾಸಿಗೆ ಇರಲ್ಲ.