ಕ್ಲಾಟ್ ತರ್ಕದ ಪ್ರಶ್ನೆಗಳು: ಓದಿದ್ದು ಅರ್ಥವಾದರೂ ಉತ್ತರ ತಪ್ಪುವುದೇಕೆ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ)

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಕಾನೂನು ಪದವಿಯ ಪ್ರವೇಶಕ್ಕಾಗಿ ನಡೆಯುವ ಕ್ಲಾಟ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದೇನೆ. ತರ್ಕದ ವಿಭಾಗದಲ್ಲಿ ಬರುವ ಸುಮಾರು 450 ಪದಗಳ ಇಂಗ್ಲಿಷ್ ಗದ್ಯಭಾಗವನ್ನು ಓದಿದ ಮೇಲೆ ಅದರ ಸಾರಾಂಶವನ್ನು ಕನ್ನಡದಲ್ಲಿ ತಡವರಿಸದೆ ಹೇಳಬಲ್ಲೆ. ಆದರೂ ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸರಿಯಾಗಿಯೇ ತಳ್ಳಿಹಾಕಿ, ಉಳಿದೆರಡರಲ್ಲಿ ತಪ್ಪಾದದ್ದನ್ನೇ ಗುರುತಿಸುತ್ತೇನೆ. ಕಳೆದ ಅಣಕು ಪರೀಕ್ಷೆಯಲ್ಲಿ 24ರಲ್ಲಿ 11 ತಪ್ಪಾದವು. 120 ನಿಮಿಷಗಳಲ್ಲಿ 120 ಪ್ರಶ್ನೆಗಳು, ಪ್ರತಿ ತಪ್ಪಿಗೆ ಕಾಲು ಅಂಕದ ಕಡಿತ. ಎರಡೆರಡು ಬಾರಿ ಓದಲು ಸಮಯವಿಲ್ಲ. ಸಂಪಾದಕೀಯಗಳನ್ನು ಓದಿ ಎಂಬ ಸಲಹೆಯನ್ನು ಮೂರು ತಿಂಗಳು ಪಾಲಿಸಿದೆ. ವೇಗ ಹೆಚ್ಚಿತು, ತಪ್ಪುಗಳು ಹಾಗೆಯೇ ಉಳಿದವು.

ಉತ್ತರ (ತರ್ಕ ಕಲಿಸುವ ಉಪನ್ಯಾಸಕ)

ಸಾರಾಂಶ ಹೇಳಬಲ್ಲೆ ಎಂದಿರಲ್ಲ, ತೊಡಕು ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಸಾರಾಂಶ ಮಾಡುವಾಗ ನಾವು ಸಹಜವಾಗಿ ಉದುರಿಸುವ ಚಿಕ್ಕ ಪದಗಳ ಮೇಲೆಯೇ ಪ್ರಶ್ನೆ ಕೇಳುವವರು ಆಯ್ಕೆಗಳನ್ನು ಕಟ್ಟುತ್ತಾರೆ. ‘ಕೆರೆ ತುಂಬಿದರೆ ಬೇಸಿಗೆಯ ನಾಟಿ ಮಾಡುತ್ತಾರೆ’ ಮತ್ತು ‘ಕೆರೆ ತುಂಬಿದರೆ ಮಾತ್ರ ಬೇಸಿಗೆಯ ನಾಟಿ ಮಾಡುತ್ತಾರೆ’ ಎಂಬ ಎರಡು ವಾಕ್ಯಗಳನ್ನು ನೋಡಿ. ಈ ವರ್ಷ ಕೆರೆ ತುಂಬಿದೆ ಎಂದಾಗ ಮೊದಲನೆಯದರಿಂದ ನಾಟಿ ಖಚಿತ. ಎರಡನೆಯದರಿಂದ ಏನೂ ಖಚಿತವಲ್ಲ, ಏಕೆಂದರೆ ಬಿತ್ತನೆ ಬೀಜ ಸಿಗದೆಯೂ ನಾಟಿ ನಿಲ್ಲಬಹುದು. ಇಂಗ್ಲಿಷಿನ ‘ಇಫ್’ ಹಾಗೂ ‘ಓನ್ಲಿ ಇಫ್’ ನಡುವಿನ ಅಂತರ ಇಷ್ಟೇ. ‘ಅನ್‌ಲೆಸ್’ ಬಂದಲ್ಲಿ ‘ಕೆರೆ ತುಂಬದ ಹೊರತು ನಾಟಿ ಇಲ್ಲ’ ಎಂದುಕೊಂಡರೆ ಅದು ಎರಡನೆಯ ವಾಕ್ಯವೇ ಎಂದು ತಿಳಿಯುತ್ತದೆ.

ಇನ್ನೊಂದು, ನಾಮಪದ ಜಾರುವುದನ್ನು ಗಮನಿಸಿ. ಹೆಲ್ಮೆಟ್ ಧರಿಸುವವರು ಹೆಚ್ಚಿದ್ದಾರೆ, ಆದ್ದರಿಂದ ಅಪಘಾತಗಳು ಕಡಿಮೆಯಾಗುತ್ತವೆ ಎಂಬ ವಾದದಲ್ಲಿ ತಲೆಯ ಪೆಟ್ಟಿನ ಜಾಗಕ್ಕೆ ಅಪಘಾತ ಸದ್ದಿಲ್ಲದೆ ಬಂದು ಕುಳಿತಿದೆ. ವಾದವನ್ನು ದುರ್ಬಲಗೊಳಿಸುವ ಆಯ್ಕೆ ಯಾವುದು ಎಂದು ಕೇಳಿದಾಗ ಉತ್ತರ ಬಹುಪಾಲು ಇಂತಹ ಬಿರುಕಿನಲ್ಲಿಯೇ ಸಿಗುತ್ತದೆ. ಆದ್ದರಿಂದ ಪ್ರಶ್ನೆಗೆ ಹೋಗುವ ಮೊದಲು ತೀರ್ಮಾನದ ವಾಕ್ಯದಲ್ಲಿರುವ ನಾಮಪದ ಹಿಂದೆ ಎಲ್ಲಿಯಾದರೂ ಬಂದಿದೆಯೇ ಎಂದು ನೋಡುವುದು ಒಳ್ಳೆಯದು.

ಉತ್ತರ (ಕಾನೂನು ವಿದ್ಯಾರ್ಥಿ, ನಾಲ್ಕನೆಯ ವರ್ಷ)

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕನ್ನಡದ ತಕ್ಕಡಿ ಎಲ್ಲ ಕಡೆ ಸರಿಯಾಗಿ ತೂಗುವುದಿಲ್ಲ. ‘ನಾಟ್ ಆಲ್ ಮೆಂಬರ್ಸ್ ಅಗ್ರೀಡ್’ ಎಂಬುದನ್ನು ನಾನು ‘ಎಲ್ಲ ಸದಸ್ಯರೂ ಒಪ್ಪಲಿಲ್ಲ’ ಎಂದು ಓದಿಕೊಂಡು, ಒಬ್ಬರೂ ಒಪ್ಪಲಿಲ್ಲ ಎಂದು ತಿಳಿದು ಅಂಕ ಕಳೆದುಕೊಂಡಿದ್ದೇನೆ; ‘ಒಪ್ಪದವರೂ ಇದ್ದರು’ ಎಂದುಕೊಂಡಿದ್ದರೆ ಎಡವುತ್ತಿರಲಿಲ್ಲ. ನಮ್ಮ ‘ಕೆಲವರು’ ಎಂಬ ಮಾತಿಗೆ ಎಲ್ಲರೂ ಅಲ್ಲ ಎಂಬ ಧ್ವನಿಯೂ ಇದೆ, ಆದರೆ ತರ್ಕದಲ್ಲಿ ‘ಸಮ್’ ಎಂದರೆ ಕನಿಷ್ಠ ಒಬ್ಬರು ಎಂದಷ್ಟೇ ಅರ್ಥ, ಎಲ್ಲರೂ ಇರಬಹುದು. ಮನಸ್ಸಿನಲ್ಲಿ ಅನುವಾದ ಮಾಡುವುದಾದರೆ ಸಂಪೂರ್ಣ ಭಾಗವನ್ನಲ್ಲ, ಈ ನಾಲ್ಕಾರು ಪದಗಳಿರುವ ವಾಕ್ಯವನ್ನು ಮಾತ್ರ ಮಾಡಿಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಯ ಎದುರು ‘ಗಮನ ಸಾಲದು’ ಎಂದು ಬರೆಯುವ ಬದಲು, ಕಣ್ಣು ಜಾರಿದ ಆ ಒಂದು ಪದವನ್ನೇ ಬರೆದಿಡಿ.

ಪ್ರಶ್ನೆ ಕೇಳಿದವರು

ಆ 11 ತಪ್ಪುಗಳನ್ನು ಮತ್ತೆ ತೆಗೆದು ನೋಡಿದೆ. ನಾಲ್ಕು ಕಡೆ ‘ಓನ್ಲಿ’, ಎರಡು ಕಡೆ ‘ಮೋಸ್ಟ್’. ಮೂರರಲ್ಲಿ ನಾಮಪದ ಬದಲಾಗಿತ್ತು. ಉಳಿದೆರಡು ಇನ್ನೂ ಅರ್ಥವಾಗಿಲ್ಲ, ಅವುಗಳಲ್ಲಿ ಆಯ್ಕೆ ನಿಜವೆಂದೇ ತೋರುತ್ತದೆ.

ಉತ್ತರ (ತರ್ಕ ಕಲಿಸುವ ಉಪನ್ಯಾಸಕ)

ಆ ಮಾತು ಲೋಕದಲ್ಲಿ ನಿಜವೋ, ಗದ್ಯಭಾಗದಲ್ಲಿ ಹೇಳಿದೆಯೋ ಎಂದು ನೋಡಿ. ಅದನ್ನು ಹೇಳುವ ಸಾಲಿನ ಮೇಲೆ ಬೆರಳಿಡಲು ಆಗದಿದ್ದರೆ ಆ ಆಯ್ಕೆಯನ್ನು ಬಿಡಬೇಕು.