ಪೆನ್ಸಿಲ್ ಕಚ್ಚಿ ಓದಿಸೋ ವಿಡಿಯೊ: ವಾಕ್ ಚಿಕಿತ್ಸಕರ ಹಳೇ ಬ್ಯಾಚ್ ಗುಂಪಿನಲ್ಲಿ

ರಘು: [ಫಾರ್ವರ್ಡ್ ವಿಡಿಯೊ: ಪೆನ್ಸಿಲ್ ಅಡ್ಡ ಕಚ್ಚಿ ದಿನಾ 10 ನಿಮಿಷ ಓದಿ, ಉಚ್ಚಾರ ಸ್ಪಷ್ಟ!] ಪೋಷಕರ ಗುಂಪಿಗೂ ಹಾಕಿದೀನಿ. ದವಡೆ ಅಲ್ಲಾಡದ ಹಾಗೆ ಮಾಡಿದ್ರೆ ನಾಲಿಗೆ ತಾನೇ ದುಡಿಯತ್ತೆ.

ಸವಿತಾ: ಅಲ್ಲಿಂದ ಮೊದ್ಲು ತೆಗಿ ಮಾರಾಯ. 'ಸ' ಹೇಳೋಕೆ ದವಡೆ ಮೇಲೇರಿ ಬಾಚಿಹಲ್ಲುಗಳು ಹತ್ರ ಬರ್ಬೇಕು, ನಾಲಿಗೆ ನಡುವಿನ ಸಂದಿಯಿಂದ ಬಂದ ಗಾಳಿ ಹಲ್ಲಿನ ಅಂಚಿಗೆ ಬಡೀಬೇಕು. ಸುಮಾರು 7 ಮಿ.ಮೀ. ದಪ್ಪದ ಪೆನ್ಸಿಲ್ ಅದೇ ಜಾಗದಲ್ಲಿದ್ರೆ 'ಸ' ಮಂಕಾಗತ್ತೆ. 'ತ', 'ದ'ಗೂ ನಾಲಿಗೆ ತುದಿಗೆ ಅದೇ ಅಡ್ಡ.

ರಘು: 1979ರ ಬೈಟ್ ಬ್ಲಾಕ್ (ದವಡೆ ಅಲ್ಲಾಡದ ಹಾಗೆ ಹಲ್ಲುಗಳ ನಡುವೆ ಕಚ್ಚಿಸೋ ಗಟ್ಟಿ ತುಂಡು) ಪ್ರಯೋಗ ಮರೆತ್ಯಾ? 20 ಮಿ.ಮೀ.ಗೂ ಮಿಕ್ಕಿ ಬಾಯಿ ತೆರೆದಿಟ್ಟರೂ ಸ್ವರಗಳು ಮೊದಲ ಸಲಕ್ಕೇ ಹೆಚ್ಚುಕಮ್ಮಿ ಸರಿಯಾಗೇ ಬಂದ್ವು. ನಾಲಿಗೆ ಹೊಂದಿಕೊಳ್ಳತ್ತೆ.

ಶೈಲಾ ಮೇಡಂ: ರಘು, ಅದು ನಿಮ್ಮ ವಾದಕ್ಕೇ ತಿರುಗೇಟು. ಆ ಪ್ರಯೋಗದಲ್ಲಿದ್ದವರು ಮಾತು ಬಲ್ಲ ದೊಡ್ಡವರು, ಹೇಳಿದ್ದು ಸ್ವರ. ಮೊದಲ ಸಲಕ್ಕೇ ಹೊಂದಿಕೊಂಡ್ರೆ 10 ನಿಮಿಷದ ಅಭ್ಯಾಸದಿಂದ ಕಲಿಯೋದೇನು? 'ಳ' ಬರದ ಮಗುವಿಗೆ ಗುರಿಯ ಸದ್ದೇ ಇನ್ನೂ ಕೂತಿರಲ್ಲ, ಯಾವುದಕ್ಕೆ ಹೊಂದಿಕೊಳ್ಳಬೇಕು?

ಇಮ್ರಾನ್: ನಾಲಿಗೆಯ ಮುಖ್ಯ ಸ್ನಾಯು ಗದ್ದದ ಮೂಳೆಯ ಒಳಗಡೆಯಿಂದಲೇ ಹೊರಡತ್ತೆ. ದವಡೆ ಇಳಿದ್ರೆ ನಾಲಿಗೇನೂ ಇಳಿಯತ್ತೆ. ಗದ್ದದ ಮೇಲೆ ಬೆರಳಿಟ್ಟು 'ಆಸಾ', 'ಆಕಾ' ಹೇಳಿಸಿ ನೋಡಿ. 'ಸ'ಗೆ ಗದ್ದ ಪೂರ್ತಿ ಮೇಲೇರತ್ತೆ. 'ಕ'ಗೆ ಅಷ್ಟು ಬೇಕಿಲ್ಲ, ನಾಲಿಗೆ ಹಿಂಭಾಗವೇ ಅಂಗುಳಕ್ಕೆ ಏರತ್ತೆ.

ಸವಿತಾ: ಮಕ್ಕಳಲ್ಲಿ ನೋಡಬೇಕಾದ್ದೂ ಅದೇ. 'ಲಲಲ' ಅನ್ನುವಾಗ ಗದ್ದವೂ ಜೊತೆಗೆ ಕುಣಿದ್ರೆ ದವಡೆ ನಾಲಿಗೆಯನ್ನ ಎತ್ತಿ ಕೊಡ್ತಿದೆ ಅಂತ. 'ಳ'ಗೆ ಆ ಉಪಾಯ ನಡೆಯಲ್ಲ. ತುದಿ ಹಿಂದಕ್ಕೆ ಮಡಚಿ ಅಂಗುಳ ಮುಟ್ಟಬೇಕು, ಅದಕ್ಕೆ ಬಾಯೊಳಗೆ ಜಾಗ ಬೇಕು. ಬಾಯಿ ಮುಚ್ಚಿಕೊಂಡು ಬಂದ್ರೆ ಬರೋದು 'ಲ'ನೇ.

ರಘು: ಹಾಗಾದ್ರೆ ದವಡೆ ಹಿಡಿದಿಡೋದು ಸರೀನೇ ಆಯ್ತಲ್ಲ!

ಶೈಲಾ ಮೇಡಂ: ಹಿಡಿಯೋ ಜಾಗ ಬೇರೆ. ಬ್ಲಾಕ್ ಒಂದು ಪಕ್ಕದ ದವಡೆಹಲ್ಲಿನ ನಡುವೆ ಇರ್ಬೇಕು, ಮುಂದೆ ನಾಲಿಗೆಗೆ ದಾರಿ ಖಾಲಿ. ಮಕ್ಕಳಿಗೆ 3-5 ಮಿ.ಮೀ. ಎತ್ತರ ಸಾಕು. ದಾರ ಕಟ್ಟಿ ಅದರ ತುದಿ ನಿಮ್ಮ ಕೈಯಲ್ಲೇ ಇರ್ಲಿ, ನುಂಗೋ ಅಪಾಯ ಇದೆ. ಮೆಲ್ಲಗೆ ಕಚ್ಚಿಸಿ, 'ಲಲಲ' ಐದಾರು ಸಲ ಹೇಳಿಸಿ, ತೆಗೆದು ಕೂಡಲೇ ಅದನ್ನೇ ಮತ್ತೆ ಹೇಳಿಸಿ. ಬ್ಲಾಕ್ ಇಲ್ಲದೆ ಬಂದಿದ್ದೇ ಲೆಕ್ಕ. ಕೆನ್ನೆ ಸ್ನಾಯು ಗಟ್ಟಿಯಾಗಿ ಉಬ್ಬಿದ್ರೆ ನಿಲ್ಲಿಸಿ. ಅಲ್ಲಾಡೋ ಹಾಲುಹಲ್ಲು, ಕಿವಿ ಮುಂದಿನ ಕೀಲಿನಲ್ಲಿ ನೋವು ಅಥವಾ ಟಕ್ ಸದ್ದು ಇದ್ರೆ ಬೇಡವೇ ಬೇಡ.

ರಘು: ದೊಡ್ಡವರು ಪೆನ್ಸಿಲ್ ತೆಗೆದ ಮೇಲೆ ಮಾತು ಸ್ಪಷ್ಟ ಆಯ್ತು ಅಂತಾರಲ್ಲ?

ಸವಿತಾ: ಆಗ ನಿಧಾನವಾಗಿ, ಬಾಯಿ ತೆರೆದು ಓದ್ತಾರೆ. ಪೆನ್ಸಿಲ್ ಇಲ್ಲದೆ ಹಾಗೇ ಓದಲಿ.

ರಘು: ದೊಡ್ಡವರ ವಿಷಯ ನಾನಿನ್ನೂ ಒಪ್ಪಿಲ್ಲ. ಪೋಷಕರ ಗುಂಪಿಂದ ಮಾತ್ರ ಈಗಲೇ ತೆಗೀತೀನಿ.

ಇಮ್ರಾನ್: ತೆಗೆದು ಒಂದು ಸಾಲು ಬರಿ: 6-7 ವರ್ಷಕ್ಕೆ ಮುಂದಿನ ಹಲ್ಲು ಬಿದ್ದಾಗ ಕೆಟ್ಟ 'ಸ'ಗೆ ಹೊಸ ಹಲ್ಲು ಬರೋ ತನಕ ಕಾಯಿರಿ, ಆಮೇಲೂ ಹಾಗೇ ಇದ್ರೆ ತೋರಿಸಿ.