ಸಹಾಯ ಬೇಕು: ನರೆಗೂದಲಿನ ಅಂಚಿನಲ್ಲಿ ಉಳಿಯುವ ಬಿಳಿ ಗೆರೆ

ನಮಸ್ಕಾರ. ಬಿಳಿ ಗೋಡೆಯ ಮುಂದೆ ತೆಗೆದ ನಮ್ಮಜ್ಜಿಯ ಭಾವಚಿತ್ರವನ್ನು ಫೋಟೋಶಾಪ್‌ನಲ್ಲಿ ಸಂಜೆಗತ್ತಲಿನ ತುಳಸಿಕಟ್ಟೆಯ ಹಿನ್ನೆಲೆಗೆ ಕೂಡಿಸಲು ಮೂರು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ. ಸೀರೆ, ಭುಜಗಳು ಅಂಚಿನುದ್ದಕ್ಕೂ ಗೆರೆ ಎಳೆದು ಆಯ್ಕೆ ಮಾಡುವ ಪೆನ್ ಟೂಲಿನಿಂದ ಸರಿಯಾಗಿ ಬಂದಿವೆ, ಆದರೆ ಶೇ. 200ಕ್ಕೆ ಹಿಗ್ಗಿಸಿ ನೋಡಿದರೆ, ಕಿವಿಯ ಹಿಂದೆ ಹಾರಾಡುವ ನರೆಗೂದಲಿನ ಸುತ್ತ ಗೋಡೆಯ ಬಿಳುಪು ತೆಳುವಾದ ಗೆರೆಯಾಗಿ ಅಂಟಿಕೊಂಡಿದೆ. ಆಯ್ಕೆಯ ಅಂಚನ್ನು ತಿದ್ದುವ ಸೆಲೆಕ್ಟ್ ಆಂಡ್ ಮಾಸ್ಕ್‌ನಲ್ಲಿ ಕೂದಲಿನಂಥ ನವಿರಾದ ಅಂಚನ್ನು ಗುರುತಿಸುವ ರಿಫೈನ್ ಎಡ್ಜ್ ಬ್ರಷ್ ಆಡಿಸಿ, ಅಂಚಿಗೆ ಅಂಟಿದ ಹಿನ್ನೆಲೆಯ ಬಣ್ಣವನ್ನು ತೆಗೆಯುವ ಡಿಕಂಟಾಮಿನೇಟ್ ಕಲರ್ಸ್ ಆಯ್ಕೆಯನ್ನೂ ಬಳಸಿದಾಗ ಗೆರೆ ತಗ್ಗಿತು, ಆದರೆ ನರೆಯ ಬಣ್ಣವೇ ಮಾಸಿಹೋಯಿತು. ಚಿತ್ರದ ನೀಲಿ ಅಂಶವನ್ನಷ್ಟೇ ಬೂದು ಛಾಯೆಗಳಲ್ಲಿ ತೋರಿಸುವ ನೀಲಿ ಚಾನೆಲ್‌ನ ಪ್ರತಿಯನ್ನು, ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಿಂದ ಗಾಢಗೊಳಿಸಿ ಮಾಸ್ಕ್ (ಬೇಡದ ಭಾಗವನ್ನು ಮರೆಮಾಡುವ ಮುಸುಕು) ಮಾಡಿದರೆ, ಗೋಡೆಗೂ ಕೂದಲಿಗೂ ವ್ಯತ್ಯಾಸವೇ ಸಿಗದೆ ಎಳೆಗಳು ಮಾಯವಾದವು. ಕಪ್ಪು ಕೂದಲಾಗಿದ್ದರೆ, ಬಿಳಿಯನ್ನು ಮರೆಸಿ ಗಾಢ ಬಣ್ಣವನ್ನಷ್ಟೇ ಉಳಿಸುವ ಮಲ್ಟಿಪ್ಲೈ ಬ್ಲೆಂಡಿಂಗ್ ವಿಧಾನ ಸಾಕಾಗುತ್ತಿತ್ತೇನೋ; ಅಜ್ಜಿಯ ನರೆಯನ್ನು ಮಾತ್ರ ನಾನು ಕಳೆದುಕೊಳ್ಳಲಾರೆ. ಹೀಗೆ ಕೂದಲು, ಹಿನ್ನೆಲೆ ಎರಡೂ ಬಿಳಿಯಾಗಿರುವಾಗ ಮಾಸ್ಕನ್ನೇ ಇನ್ನಷ್ಟು ತಿದ್ದಬೇಕೇ, ಇಲ್ಲವೇ ಅಂಚನ್ನು ಒಳಗೆ ಸರಿಸಿ, ಪ್ರತ್ಯೇಕ ಲೇಯರಿನಲ್ಲಿ (ಪದರದಲ್ಲಿ) ಸಣ್ಣ ಬ್ರಷ್‌ನಿಂದ ಎಳೆಗಳನ್ನು ಹೊಸದಾಗಿ ಬಿಡಿಸಬೇಕೇ?